ಚಳಿಗಾಲದ ಟೈರ್

ಚಳಿಗಾಲದ ಟೈರ್ ಎಂಬುದು ಹಿಮ, ಮಂಜುಗಡ್ಡೆ ಹಾಗೂ ಕಡಿಮೆ ಉಷ್ಣತೆಯ ರಸ್ತೆಗಳಲ್ಲಿ ಹಿಡಿತ ಕಾಯ್ದುಕೊಳ್ಳುವಂತೆ ರೂಪಿಸಲಾದ ವಾಹನದ ಟೈರು. ಇದನ್ನು ಹಿಮದ ಟೈರ್ ಎಂದೂ ಕರೆಯುತ್ತಾರೆ. ಉತ್ತರ ಯುರೋಪ್, ಕೆನಡಾ ಮತ್ತು ಉತ್ತರ ಜಪಾನ್‌ಗಳಲ್ಲಿ ಚಳಿ ಆರಂಭವಾಗುವ ಮುನ್ನ ಇವನ್ನು ಜೋಡಿಸಿ, ವಸಂತದಲ್ಲಿ ಬೇಸಿಗೆಯ ಟೈರುಗಳಿಗೆ ಮರಳುವುದು ವಾಡಿಕೆ.

ಇತಿಹಾಸ

ಫಿನ್ಲೆಂಡಿನ ನೋಕಿಯಾ ಪಟ್ಟಣದ ರಬ್ಬರ್ ಕಾರ್ಖಾನೆಯು ೧೯೩೪ರಲ್ಲಿ ಟ್ರಕ್ಕುಗಳಿಗೆಂದು ಹಿಮದ ಟೈರನ್ನು ತಯಾರಿಸಿತು. ೧೯೩೬ರಲ್ಲಿ ಕಾರುಗಳ ಟೈರು 'ಹಕ್ಕಪೆಲಿಟ್ಟಾ' ಎಂಬ ಹೆಸರಿನಲ್ಲಿ ಬಂದಿತು. ಇದು ಯುರೋಪಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಹೋರಾಡಿದ ಫಿನ್ಲೆಂಡಿನ ಅಶ್ವಾರೋಹಿಗಳ ಹೆಸರು. ಮುಂದೆ ಲೋಹದ ಮೊಳೆಗಳುಳ್ಳ ಟೈರುಗಳು ಬಳಕೆಗೆ ಬಂದವು. ಈ ಮೊಳೆಗಳು ಡಾಂಬರನ್ನು ಕೆರೆದು ಎಬ್ಬಿಸಿದ ಧೂಳು ಜಪಾನಿನ ನಗರಗಳಲ್ಲಿ ಆರೋಗ್ಯದ ಸಮಸ್ಯೆಯಾದುದರಿಂದ, ೧೯೯೦ರಲ್ಲಿ ಅಲ್ಲಿ ಅವುಗಳ ಬಳಕೆಯನ್ನು ನಿರ್ಬಂಧಿಸುವ ಕಾನೂನು ಜಾರಿಗೆ ಬಂದಿತು.

ಕಾರ್ಯವಿಧಾನ

ಬೇಸಿಗೆಯ ಟೈರಿನ ರಬ್ಬರು ಸುಮಾರು ೭ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗತೊಡಗುತ್ತದೆ. ಹೀಗಾಗಿ ಹಿಮವಿಲ್ಲದ ಒಣ ರಸ್ತೆಯಲ್ಲಿಯೂ ಅದರ ಹಿಡಿತ ಕುಗ್ಗಬಹುದು. ಚಳಿಗಾಲದ ಟೈರಿನ ಮಿಶ್ರಣವು ಶೀತದಲ್ಲಿಯೂ ಮೃದುವಾಗಿರುತ್ತದೆ. ಅದರ ಆಳವಾದ ಗಾಡಿಗಳಲ್ಲಿ ಹಿಮವು ಒತ್ತಿಕೊಂಡು ತುಂಬುತ್ತದೆ. ಹಿಮಕ್ಕೆ ಹಿಮವು ಅಂಟಿಕೊಳ್ಳುವ ಗುಣದಿಂದ ಹಿಡಿತ ಹೆಚ್ಚುತ್ತದೆ. ಮೇಲ್ಮೈಯಲ್ಲಿರುವ ಕೂದಲೆಳೆಯಂಥ ಸೀಳುಗಳು ಮಂಜುಗಡ್ಡೆಯ ಮೇಲಿನ ನೀರಿನ ಪದರವನ್ನು ಹೀರಿ, ಅನೇಕ ಅಂಚುಗಳಿಂದ ನೆಲವನ್ನು ಕಚ್ಚುತ್ತವೆ. ಕರಗುವ ಹಂತದಲ್ಲಿರುವ ಮಂಜುಗಡ್ಡೆಯು ಅತಿಶೀತದ ಮಂಜುಗಡ್ಡೆಗಿಂತ ಹೆಚ್ಚು ಜಾರುವುದಕ್ಕೆ ಈ ನೀರಿನ ಪದರವೇ ಕಾರಣ.

ಹಿಡಿತದ ಮಹತ್ವವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಗಂಟೆಗೆ ೫೦ ಕಿ.ಮೀ. ವೇಗದ ವಾಹನವು ಘರ್ಷಣಾಂಕ ೦.೮ ಇರುವ ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ಸುಮಾರು ೧೨ ಮೀಟರ್ ಸಾಗಿ ನಿಲ್ಲುತ್ತದೆ, ಘರ್ಷಣಾಂಕವು ೦.೨ಕ್ಕೆ ಇಳಿದರೆ ಸುಮಾರು ೪೯ ಮೀಟರ್, ೦.೧ಕ್ಕೆ ಇಳಿದರೆ ಸುಮಾರು ೯೮ ಮೀಟರ್ ಬೇಕಾಗುತ್ತದೆ.

ವಿಧಗಳು

* ಮೊಳೆಯುಳ್ಳವು: ನುಣುಪಾದ ಮಂಜುಗಡ್ಡೆಯ ಮೇಲೆ ಹೆಚ್ಚು ಪರಿಣಾಮಕಾರಿ, ಬರಿಯ ರಸ್ತೆಯಲ್ಲಿ ಸದ್ದು ಮತ್ತು ಸವೆತ ಹೆಚ್ಚು. ನಾರ್ಡಿಕ್ ದೇಶಗಳಲ್ಲಿ ಋತುವಿಗೆ ಸೀಮಿತವಾಗಿ ಅನುಮತಿಯಿದೆ.
* ಮೊಳೆಯಿಲ್ಲದ ನಾರ್ಡಿಕ್ ಮಾದರಿ: ಅತ್ಯಂತ ಮೃದು, ದೀರ್ಘಕಾಲ ಹಿಮ ನಿಲ್ಲುವ ಪ್ರದೇಶಗಳಿಗೆ ಸೂಕ್ತ.
* ಮಧ್ಯ ಯುರೋಪಿನ ಮಾದರಿ: ಮಳೆ, ಕರಗುವ ಹಿಮ ಮತ್ತು ಹೆದ್ದಾರಿಯ ವೇಗಕ್ಕೆ ಹೊಂದಿಕೊಂಡದ್ದು.

ಆಯ್ಕೆ ಮತ್ತು ಬಳಕೆ

ಟೈರಿನ ಪಕ್ಕದಲ್ಲಿರುವ 'ಎಂ+ಎಸ್' ಗುರುತು ಕೆಸರು ಮತ್ತು ಹಿಮವನ್ನು ಸೂಚಿಸಿದರೂ ಅದನ್ನು ಹಾಕಲು ಹಿಮದ ಪರೀಕ್ಷೆ ಕಡ್ಡಾಯವಲ್ಲ. ಮೂರು ಶಿಖರಗಳ ಪರ್ವತದೊಳಗೆ ಹಿಮಹರಳಿರುವ ಚಿಹ್ನೆಯು ನಿಗದಿತ ಹಿಮಪರೀಕ್ಷೆಯಲ್ಲಿ ತೇರ್ಗಡೆಯಾದುದಕ್ಕೆ ಗುರುತಾಗಿದೆ. ಆದರೆ ಅದು ಮಂಜುಗಡ್ಡೆಯ ಮೇಲಿನ ಹಿಡಿತವನ್ನು ಅಳೆಯುವುದಿಲ್ಲ; ಐರೋಪ್ಯ ಒಕ್ಕೂಟದ ಟೈರು ಚೀಟಿಯಲ್ಲಿ ೨೦೨೧ರಿಂದ ಅದಕ್ಕೆ ಪ್ರತ್ಯೇಕ ಚಿಹ್ನೆಯಿದೆ.

ನಾಲ್ಕೂ ಚಕ್ರಗಳಿಗೆ ಒಂದೇ ಬಗೆಯ ಟೈರು ಇರಬೇಕು. ಮುಂದಿನ ಎರಡಕ್ಕೆ ಮಾತ್ರ ಹಾಕಿದರೆ ತಿರುವಿನಲ್ಲಿ ವಾಹನದ ಹಿಂಭಾಗ ಜಾರಿ ಗಿರಕಿ ಹೊಡೆಯುವ ಅಪಾಯವಿದೆ. ನಾಲ್ಕು ಚಕ್ರಗಳ ಚಾಲನಾ ವ್ಯವಸ್ಥೆಯು ಮುಂದೆ ಸಾಗಲು ನೆರವಾಗುತ್ತದೆಯೇ ಹೊರತು ನಿಲ್ಲಿಸುವ ದೂರವನ್ನು ಕಡಿಮೆ ಮಾಡುವುದಿಲ್ಲ. ಗಾಡಿಯ ಆಳ ೪ ಮಿ.ಮೀ.ಗಿಂತ ಕಡಿಮೆಯಾದರೆ ಹಿಮದ ಮೇಲಿನ ಸಾಮರ್ಥ್ಯ ಗಣನೀಯವಾಗಿ ಕುಂದುತ್ತದೆ. ಚಳಿಯಲ್ಲಿ ಗಾಳಿಯ ಒತ್ತಡ ಇಳಿಯುವುದರಿಂದ ಆಗಾಗ ಪರೀಕ್ಷಿಸುವುದು ಅಗತ್ಯ. ಬೇಸಿಗೆಯಲ್ಲಿ ಈ ಟೈರುಗಳು ಬೇಗ ಸವೆಯುತ್ತವೆ.

ಕಾನೂನು

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ ೧ರಿಂದ ಮಾರ್ಚ್ ೧೫ರವರೆಗೆ ಇವು ಕಡ್ಡಾಯ. ಸ್ವೀಡನ್ನಿನಲ್ಲಿ ಡಿಸೆಂಬರ್ ೧ರಿಂದ ಮಾರ್ಚ್ ೩೧ರವರೆಗೆ ರಸ್ತೆಯಲ್ಲಿ ಚಳಿಗಾಲದ ಪರಿಸ್ಥಿತಿ ಇದ್ದಾಗ ಕಡ್ಡಾಯ. ಜರ್ಮನಿಯಲ್ಲಿ ದಿನಾಂಕದ ಬದಲು ರಸ್ತೆಯ ಸ್ಥಿತಿಯೇ ಆಧಾರ. ೨೦೨೪ರ ಅಕ್ಟೋಬರ್‌ನಿಂದ 'ಎಂ+ಎಸ್' ಗುರುತೊಂದೇ ಅಲ್ಲಿ ಸಾಲದು.

ಭಾರತದಲ್ಲಿ

ಹಿಮಾಲಯದ ರಸ್ತೆಗಳಲ್ಲಿ ಹಿಮ ಬಿದ್ದಾಗ ಸಾಮಾನ್ಯ ಟೈರುಗಳ ಮೇಲೆ ಸರಪಳಿ ಸುತ್ತುವ ರೂಢಿಯಿದೆ. ಭಾರತದ ಅಪೊಲೊ ಟೈರ್ಸ್ ಸಂಸ್ಥೆಯು ಚಳಿಗಾಲದ ಟೈರುಗಳನ್ನೂ ತಯಾರಿಸುವ ನೆದರ್ಲೆಂಡಿನ ವ್ರೆಡೆಸ್ಟೈನ್ ಸಂಸ್ಥೆಯನ್ನು ೨೦೦೯ರಲ್ಲಿ ಖರೀದಿಸಿತು.