ನಾಯಿಮರಿಗೊಂದು ಇನ್‌ಕ್ಯುಬೇಟರ್: ಡಬ್ಬ, ಬಲ್ಬ್, ಥರ್ಮೋಸ್ಟಾಟ್

ಮಳೆಗಾಲದಲ್ಲಿ ಹಾಸ್ಟೆಲ್ ಹಿಂದೆ ಯಾವುದಾದರೂ ನಾಯಿ ಮರಿ ಹಾಕಿರುತ್ತೆ. ತಾಯಿ ಜೊತೆಗಿದ್ದರೆ ನಾವು ಕೈ ಹಾಕೋದೇ ಬೇಡ, ಅವಳಿಗಿಂತ ಒಳ್ಳೆ ಇನ್‌ಕ್ಯುಬೇಟರ್ ಇಲ್ಲ. ತಾಯಿ ಸತ್ತಿದ್ದರೆ ಅಥವಾ ವಾಪಸ್ ಬರದೇ ಇದ್ದರೆ ಮಾತ್ರ ಇದನ್ನು ಮಾಡೋಣ.

ಚಳಿಯಾದರೆ ನಾವು ನಡುಗ್ತೀವಿ, ಅದರಿಂದಲೇ ಮೈ ಬಿಸಿಯಾಗುತ್ತೆ. ಹುಟ್ಟಿದ ಮೊದಲ ವಾರ ಮರಿಗಳಿಗೆ ನಡುಗೋಕೂ ಬರಲ್ಲ. ಹಾಗಾಗಿ ಶಾಖ ಹೊರಗಿನಿಂದಲೇ ಬರಬೇಕು. ಮೊದಲ ವಾರ ಡಬ್ಬದೊಳಗೆ 29ರಿಂದ 32 ಡಿಗ್ರಿ ಸೆಲ್ಸಿಯಸ್ ಸಾಕು. ಆಮೇಲೆ ವಾರವಾರಕ್ಕೂ ಸ್ವಲ್ಪ ಸ್ವಲ್ಪ ಇಳಿಸ್ತಾ ಹೋಗಬೇಕು.

ಬೇಕಾಗಿರೋದು ಇಷ್ಟು: ಉದ್ದನೆಯ ಪ್ಲೈವುಡ್ ಡಬ್ಬ, 40 ವ್ಯಾಟ್‌ನ ಹಳೇ ಕಾಲದ ಫಿಲಮೆಂಟ್ ಬಲ್ಬ್ (ಎಲ್‌ಇಡಿ ಬಿಸಿಯಾಗಲ್ಲ), ಒಂದು ಥರ್ಮೋಸ್ಟಾಟ್ ಮಾಡ್ಯೂಲ್, ಹಳೇ ಟವೆಲ್. ಥರ್ಮೋಕೋಲ್ ಬೇಡ, ಬಲ್ಬ್ ತಾಗಿದರೆ ಕರಗುತ್ತೆ. ಬಲ್ಬ್ ಸುತ್ತ ತಂತಿ ಬಲೆ ಇರಲಿ, ಬಟ್ಟೆಯಾಗಲಿ ಮರಿಯಾಗಲಿ ತಾಗಬಾರದು. ಗಾಳಿಯಾಡೋಕೆ ಪಕ್ಕದಲ್ಲಿ ತೂತು ಕೊರೆಯಿರಿ. 230 ವೋಲ್ಟ್ ವೈರಿಂಗ್ ಅನ್ನು ಲ್ಯಾಬ್ ಸಹಾಯಕರಿಗೆ ತೋರಿಸಿಯೇ ಆನ್ ಮಾಡಿ.

ಸೆನ್ಸರ್ ಎಲ್ಲಿ ಇಡ್ತೀವಿ ಅನ್ನೋದು ಮುಖ್ಯ. ಬಿಸಿಗಾಳಿ ಮೇಲಕ್ಕೆ ಹೋಗುತ್ತೆ. ಸೆನ್ಸರ್ ಮೇಲಿದ್ದರೆ ಬಲ್ಬ್ ಬೇಗ ಆಫ್ ಆಗಿ, ಕೆಳಗೆ ಮರಿ ತಣ್ಣಗೇ ಇರುತ್ತೆ. ಆದ್ದರಿಂದ ಮರಿ ಮಲಗೋ ಮಟ್ಟದಲ್ಲೇ ಇಡಿ.

ಇನ್ನೊಂದು ಅಪಾಯ ರಿಲೇ ಅಂಟಿಕೊಳ್ಳೋದು. ಆಗ ಬಲ್ಬ್ ಆಫ್ ಆಗೋದೇ ಇಲ್ಲ. ಚಳಿಯಷ್ಟೇ ಅತಿ ಬಿಸಿಯೂ ಮರಿಯನ್ನು ಕೊಲ್ಲುತ್ತೆ. ಇದಕ್ಕೆ ಕೋಡ್ ಬೇಕಿಲ್ಲ, ಜಾಗ ಬೇಕು. ಬಲ್ಬನ್ನು ಒಂದೇ ತುದಿಗೆ ಹಾಕಿ, ಇನ್ನೊಂದು ತುದಿ ತಂಪಾಗಿರಲಿ. ಕಣ್ಣು ಬಿಡದ ಮರಿಯೂ ತೆವಳಿಕೊಂಡು ತನಗೆ ಹಿತವಾದ ಕಡೆ ಹೋಗುತ್ತೆ. ಎಲ್ಲವೂ ಒಂದರ ಮೇಲೊಂದು ಗುಂಪಾದರೆ ಚಳಿ ಅಂತ ಅರ್ಥ, ದೂರ ದೂರ ಚದುರಿ ಏದುಸಿರು ಬಿಟ್ಟರೆ ಸೆಕೆ. ಡಿಸ್‌ಪ್ಲೇಗಿಂತ ಮೊದಲು ಮರಿಗಳನ್ನ ನೋಡಿ.

ಕರೆಂಟ್ ಹೋದರೆ ಬಿಸಿನೀರಿನ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ ಒಂದು ಪಕ್ಕಕ್ಕಿಡಿ.

ಮರಿ ತಣ್ಣಗಿದ್ದಾಗ ಪಾಪ ಅಂತ ಹಾಲು ಕುಡಿಸಬೇಡಿ. ಮೈ ತಣ್ಣಗಾದಾಗ ಕರುಳು ಕೆಲಸ ಮಾಡಲ್ಲ, ಹಾಲು ಜೀರ್ಣವಾಗದೆ ಉಳಿಯುತ್ತೆ. ಮೊದಲು ನಿಧಾನವಾಗಿ ಬೆಚ್ಚಗೆ ಮಾಡಿ, ಆಮೇಲೆ ಆಹಾರ. ಅದೂ ದನದ ಹಾಲಲ್ಲ, ನಾಯಿಮರಿಗಳಿಗೆಂದೇ ಸಿಗೋ ಹಾಲಿನ ಪುಡಿ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಕೂಡ. ಆದ್ದರಿಂದ ಡಬ್ಬ ಕಟ್ಟೋ ಮೊದಲೇ ಪಶುವೈದ್ಯರಿಗೆ ಫೋನ್ ಮಾಡಿ, ರೂಮ್‌ಮೇಟ್‌ಗಳ ಜೊತೆ ರಾತ್ರಿ ಪಾಳಿ ಹಂಚಿಕೊಳ್ಳಿ.