ಕೋಲಾರದ ಬಂಡೆ ತಡೆಯದ ಕಣ

ಕೋಲಾರದ ಗಣಿಗೆ ಇಳಿದವರೆಲ್ಲ ಚಿನ್ನಕ್ಕಾಗಿಯೇ ಇಳಿಯಲಿಲ್ಲ. 1950ರ ದಶಕದ ಆರಂಭದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ ಗೈಗರ್ ಕೌಂಟರುಗಳೊಂದಿಗೆ ಅಲ್ಲಿಗೆ ಬಂದರು. ಆಕಾಶದಿಂದ ಸುರಿಯುವ ವಿಶ್ವಕಿರಣದ ಮ್ಯೂಆನ್ ಕಣಗಳು ಬಂಡೆಯೊಳಗೆ ಎಷ್ಟು ಆಳ ಇಳಿಯುತ್ತವೆಂದು ಅಳೆಯುವುದು ಹೋಮಿ ಭಾಭಾ ವಹಿಸಿದ್ದ ಕೆಲಸ. ನೂರಾರು ಮೀಟರ್ ಕಲ್ಲಿನಡಿಯಲ್ಲೂ ಅವು ಸಿಕ್ಕವು.

ಈ ಕಿರಣಗಳ ಹುಚ್ಚು ಬೆಂಗಳೂರಿಗೆ ಹಳೆಯದು. ಎರಡನೇ ಮಹಾಯುದ್ಧದಿಂದಾಗಿ ಇಂಗ್ಲೆಂಡಿಗೆ ಮರಳಲಾಗದ ಭಾಭಾ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದನ್ನೇ ಬೆನ್ನುಹತ್ತಿದರು. ಅಲ್ಲೇ ಸಿ.ವಿ. ರಾಮನ್ ಕೈಕೆಳಗೆ ವಿಕ್ರಮ್ ಸಾರಾಭಾಯಿ ಅದೇ ವಿಷಯ ಹಿಡಿದಿದ್ದರು. 1939-40ರ ಚಳಿಗಾಲದಲ್ಲಿ ಅಮೆರಿಕದ ರಾಬರ್ಟ್ ಮಿಲಿಕನ್ ತಂಡ ಬೆಂಗಳೂರಿನಿಂದ ಬಲೂನು ಹಾರಿಸಿತು. ಆ ತಂಡದಲ್ಲಿದ್ದ ವಿಲಿಯಂ ಪಿಕರಿಂಗ್ ಮುಂದೆ, 1954ರಿಂದ 1976ರವರೆಗೆ, ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ನಿರ್ದೇಶಕ. ಸಾರಾಭಾಯಿ ಭಾರತದ ಬಾಹ್ಯಾಕಾಶ ಯೋಜನೆಯ ಪಿತಾಮಹ. ನೌಕೆ ಕಟ್ಟುವ ಮೊದಲೇ ಇಬ್ಬರಿಗೂ ನೌಕೆಯ ವೈರಿಯ ಪರಿಚಯವಾಗಿತ್ತು!

ನೆಲದ ಮೇಲೆ ನಮ್ಮನ್ನು ಕಾಯುವುದು ಗಾಳಿ. ತಲೆಯ ಮೇಲಿನ ವಾಯುಮಂಡಲ ಸುಮಾರು ಹತ್ತು ಮೀಟರ್ ನೀರಿನಷ್ಟು ಭಾರ. ನೌಕೆಗಿರುವುದು ಕೆಲವೇ ಮಿಲಿಮೀಟರ್ ಅಲ್ಯುಮಿನಿಯಂ. ಒಂದು ಭಾರಿ ಕಣ ಮೆಮೊರಿ ಚಿಪ್ಪಿಗೆ ನುಗ್ಗಿದರೆ ಸೊನ್ನೆ ಒಂದಾಗಬಹುದು, ಒಂದು ಸೊನ್ನೆಯಾಗಬಹುದು. 1979ರ ಮಾರ್ಚಿನಲ್ಲಿ ಗುರುಗ್ರಹದ ವಿಕಿರಣದೊಳಗೆ ಹಾದ ವಾಯೇಜರ್-1ರ ಗಡಿಯಾರ ಹಿಂದೆ ಬಿದ್ದು, ಕೆಲವು ಚಿತ್ರಗಳು ಮಸುಕಾದವು.

ಹಾಗಾದರೆ ದಪ್ಪ ಗೋಡೆ ಕಟ್ಟಿದರಾಯಿತಲ್ಲ? 2011ರಲ್ಲಿ ಹೊರಟ ಜುನೋ ತನ್ನ ಕಂಪ್ಯೂಟರುಗಳನ್ನು ಸುಮಾರು ಒಂದು ಸೆಂಟಿಮೀಟರ್ ದಪ್ಪದ ಟೈಟಾನಿಯಂ ತಿಜೋರಿಯಲ್ಲಿಟ್ಟುಕೊಂಡಿತು. ಗುರುವಿನ ಎಲೆಕ್ಟ್ರಾನುಗಳಿಗೆ ಅದು ಸರಿ. ವಿಶ್ವಕಿರಣದ ಅತಿವೇಗದ ಕಣಗಳ ಮುಂದೆ ಮಾತ್ರ ಗೋಡೆ ಸಾಲದು; ಅವು ಲೋಹಕ್ಕೆ ಬಡಿದು ಹೊಸ ಕಣಗಳ ಮಳೆಯನ್ನೇ ಎಬ್ಬಿಸುತ್ತವೆ. ಇಂಥದೇ ಒಂದು ಕಣಮಳೆಯ ಲೆಕ್ಕವನ್ನು ಭಾಭಾ 1937ರಲ್ಲಿ ವಾಲ್ಟರ್ ಹೈಟ್ಲರ್ ಜೊತೆ ಬರೆದಿದ್ದರು. ಬಂಡೆಯೇ ಸೋತ ಮೇಲೆ ತಗಡಿನ ಪಾಡೇನು! ಹೀಗಾಗಿ ಎಂಜಿನಿಯರುಗಳು ಪೆಟ್ಟು ತಿಂದೂ ಬದುಕುವ ಚಿಪ್ಪುಗಳತ್ತ ಹೊರಳಿದರು: ಒಂದೇ ಲೆಕ್ಕವನ್ನು ಮೂರು ಕಡೆ ಮಾಡಿಸಿ ಬಹುಮತದ ಉತ್ತರ ಒಪ್ಪುವುದು, ಮೆಮೊರಿಯ ತಪ್ಪನ್ನು ಮೆಮೊರಿಯೇ ತಿದ್ದಿಕೊಳ್ಳುವುದು, ಹಾರಿಸುವ ಮೊದಲೇ ಕೋಬಾಲ್ಟ್-60ರ ಗಾಮಾ ಕಿರಣಗಳಲ್ಲಿ ಬೇಯಿಸಿ ನೋಡುವುದು.

ಪಾಠ ಪುಕ್ಕಟೆಯಾಗಿ ಬರಲಿಲ್ಲ. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರಲ್ಲಿ ವಿಕಿರಣ ಅಳೆಯುವ ಬಲ್ಗೇರಿಯಾದ ಉಪಕರಣವೂ ಇತ್ತು. ಆದರೂ ದಿಕ್ಕು ತೋರುವ ನಕ್ಷತ್ರ ಸಂವೇದಕಗಳು ಒಂದೊಂದಾಗಿ ಕೈಕೊಟ್ಟವು. ಬೆಂಗಳೂರಿನ ನಿಯಂತ್ರಣ ಕೇಂದ್ರ ಗೈರೋಸ್ಕೋಪುಗಳ ನೆರವಿನಿಂದ ನೌಕೆಯನ್ನು ಸಂಭಾಳಿಸಿ, ಮೇ ತಿಂಗಳಲ್ಲಿ ಕಕ್ಷೆಯನ್ನು ನೂರು ಕಿ.ಮೀ.ನಿಂದ ಇನ್ನೂರಕ್ಕೆ ಏರಿಸಿತು. 2009ರ ಆಗಸ್ಟ್ 29ರಂದು ಸಂಪರ್ಕವೇ ಕಡಿಯಿತು. ಎರಡು ವರ್ಷಕ್ಕೆಂದು ಕಟ್ಟಿದ ನೌಕೆಗೆ ಸಿಕ್ಕಿದ್ದು 312 ದಿನ. ಮೊದಲು ದೂರಿದ್ದು ಸೂರ್ಯನ ವಿಕಿರಣವನ್ನು, ಆಮೇಲೆ ಚಂದ್ರನ ಕಾವನ್ನು.

ಮಂಗಳಯಾನದ ಕಥೆ ಬೇರೆ. 2013ರ ನವೆಂಬರಿನಲ್ಲಿ ಭೂಮಿಯ ವ್ಯಾನ್ ಅಲೆನ್ ವಿಕಿರಣ ಪಟ್ಟಿಗಳನ್ನು ಮತ್ತೆ ಮತ್ತೆ ದಾಟಿಯೇ ಅದು ಹೊರಟಿತು. ಆರು ತಿಂಗಳಿಗೆಂದು ಕಟ್ಟಿದ್ದು 2022ರವರೆಗೆ ಬಾಳಿತು.

2023ರ ಸೆಪ್ಟೆಂಬರಿನಲ್ಲಿ ಆದಿತ್ಯ-ಎಲ್1 ಭೂಮಿಯಿಂದ 50,000 ಕಿ.ಮೀ. ಆಚೆ ಸಾಗುತ್ತಿದ್ದಾಗಲೇ ಅದರ 'ಸ್ಟೆಪ್ಸ್' ಉಪಕರಣ ಕಣ ಎಣಿಸತೊಡಗಿತು. ಅದನ್ನು ಕಟ್ಟಿದ್ದು ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯ. ವಿಶ್ವಕಿರಣಗಳ ಅಧ್ಯಯನಕ್ಕೆಂದು ಸಾರಾಭಾಯಿ 1947ರಲ್ಲಿ ತೆರೆದದ್ದು ಅದನ್ನೇ.