ತಜ್ಞನ ಉತ್ತರ, ವರದಿಗಾರನ ಪ್ರಶ್ನೆ

ಮಧ್ಯ ಇಟಲಿಯ ಲಾಕ್ವಿಲಾ ನಗರದಲ್ಲಿ 2009ರ ಆರಂಭದಲ್ಲಿ ಸಣ್ಣಪುಟ್ಟ ಕಂಪನಗಳು ಮೇಲಿಂದ ಮೇಲೆ ಸಂಭವಿಸುತ್ತಿದ್ದವು. ಜನರ ಆತಂಕ ಹೆಚ್ಚಲು, ವಿಪತ್ತುಗಳನ್ನು ಕುರಿತ ರಾಷ್ಟ್ರೀಯ ಆಯೋಗದ ತಜ್ಞರು ಮಾರ್ಚ್ 31ರಂದು ಅಲ್ಲಿ ಸಭೆ ಸೇರಿದರು. ದೊಡ್ಡ ಭೂಕಂಪ ಸದ್ಯಕ್ಕೆ ಅಸಂಭವವೆನಿಸಿದರೂ ಆಗುವುದೇ ಇಲ್ಲವೆನ್ನಲಾಗದು ಎಂಬ ಅಭಿಪ್ರಾಯ ಅಲ್ಲಿ ವ್ಯಕ್ತವಾಯಿತು. ಆ ಮಾತು ನಡಾವಳಿಯ ಪುಟದಲ್ಲೇ ಉಳಿಯಿತು.

ಜನರನ್ನು ತಲುಪಿದ್ದು ಬೇರೆ ಮಾತು. ನಾಗರಿಕ ರಕ್ಷಣಾ ಇಲಾಖೆಯ ಉಪಮುಖ್ಯಸ್ಥ ಬೆರ್ನಾರ್ದೊ ದೆ ಬೆರ್ನಾರ್ದಿನಿಸ್ ಸಭೆಗೆ ಮುನ್ನವೇ ದೂರದರ್ಶನಕ್ಕೆ ಸಂದರ್ಶನ ಕೊಟ್ಟಿದ್ದರು. ಸಣ್ಣ ಕಂಪನಗಳಿಂದ ಭೂಮಿಯೊಳಗಿನ ಶಕ್ತಿ ಹೊರಹೋಗುತ್ತಿರುವುದರಿಂದ ಪರಿಸ್ಥಿತಿ ಅನುಕೂಲಕರವೆಂದರು. ಹಾಗಾದರೆ ಒಂದು ಲೋಟ ದ್ರಾಕ್ಷಾರಸ ಕುಡಿಯಬಹುದೇ ಎಂದು ಕೇಳಿದಾಗ ಒಪ್ಪಿ, ದ್ರಾಕ್ಷಾರಸದ ಹೆಸರನ್ನೂ ಸೇರಿಸಿದರು. ಏಪ್ರಿಲ್ 6ರ ನಸುಕಿನ 3.32ಕ್ಕೆ 6.3 ಪ್ರಮಾಣದ ಭೂಕಂಪವಾಯಿತು. 300ಕ್ಕೂ ಹೆಚ್ಚು ಜನ ಮಡಿದರು. ನೆಲ ನಡುಗಿದೊಡನೆ ಹೊರಬಂದು ಬಯಲಿನಲ್ಲಿ ರಾತ್ರಿ ಕಳೆಯುವ ಹಳೆಯ ರೂಢಿಯನ್ನು ಆ ಭರವಸೆ ಬಿಡಿಸಿತೆಂದು ನ್ಯಾಯಾಲಯದಲ್ಲಿ ಸಾಕ್ಷ್ಯ ಬಂದಿತು. 2012ರಲ್ಲಿ ಏಳು ಮಂದಿಗೆ ಆರು ವರ್ಷಗಳ ಸೆರೆವಾಸ ವಿಧಿಸಲಾಯಿತು. 2014ರ ಮೇಲ್ಮನವಿಯಲ್ಲಿ ಆರು ಮಂದಿ ಖುಲಾಸೆಯಾದರು; ದೆ ಬೆರ್ನಾರ್ದಿನಿಸ್ ಅವರ ಶಿಕ್ಷೆ ಎರಡು ವರ್ಷಕ್ಕಿಳಿದು ಉಳಿಯಿತು.

ಅವರು ನೀರಿನ ಹರಿವನ್ನು ಅಭ್ಯಸಿಸಿದ ಇಂಜಿನಿಯರ್. ಇದು ತಮ್ಮ ಕ್ಷೇತ್ರವಲ್ಲವೆಂದು ಹೇಳಿ ಭೂಕಂಪ ವಿಜ್ಞಾನಿಯತ್ತ ಕೈತೋರಿಸಿದ್ದರೆ ಸಾಕಿತ್ತು. ಭೂಕಂಪದ ಪ್ರಮಾಣ ಒಂದು ಅಂಕಿ ಏರಿದರೆ ಹೊಮ್ಮುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. 6ರ ಶಕ್ತಿ ಖರ್ಚಾಗಲು 4ರ ಕಂಪನಗಳು ಸಾವಿರದಷ್ಟು ಬೇಕು. ಇನ್ನೊಂದು ಸಂಗತಿ ಭಾಷೆಯ ವಿದ್ಯಾರ್ಥಿಗಳು ಗಮನಿಸತಕ್ಕದ್ದು: ದ್ರಾಕ್ಷಾರಸದ ಮಾತು ಮೊದಲು ಬಂದುದು ವರದಿಗಾರನ ಬಾಯಿಂದ. ‘ಹೌದು’ ಎಂದೊಡನೆ ಪ್ರಶ್ನೆಯ ಪದಗಳೆಲ್ಲ ಉತ್ತರಿಸಿದವನ ಪದಗಳಾಗುತ್ತವೆ. ಆದುದರಿಂದ ಅನುಭವಿಯಾದ ತಜ್ಞನು ಪ್ರಶ್ನೆಗೆ ತಲೆಯಾಡಿಸದೆ, ಪೂರ್ಣ ವಾಕ್ಯವನ್ನು ತಾನೇ ಕಟ್ಟುತ್ತಾನೆ. ‘ಆದರೆ’ ಎಂಬುದನ್ನು ಮುಂದಿನ ವಾಕ್ಯಕ್ಕೆ ಬಿಡುವುದಿಲ್ಲ, ಏಕೆಂದರೆ ಸಂಪಾದಕನ ಕತ್ತರಿ ಬೀಳುವುದು ಪೂರ್ಣವಿರಾಮದ ಬಳಿ.

ಪರಿಭಾಷೆಯ ತೊಡಕು ಬೇರೆಯೇ ಇದೆ. ಭಾರತೀಯ ಹವಾಮಾನ ಇಲಾಖೆಗೆ ‘ಭಾರೀ ಮಳೆ’ಯೆಂದರೆ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ.; 204.4 ದಾಟಿದರೆ ‘ಅತ್ಯಂತ ಭಾರೀ’. ವಯನಾಡಿನ, ನೀಲಗಿರಿಯ ಓದುಗನಿಗೆ ಎರಡೂ ಜೋರು ಮಳೆಯೇ. ಅಂಕಿಯ ಜೊತೆಗೆ, ಅಷ್ಟು ಮಳೆಗೆ ಯಾವ ಹಳ್ಳ ಉಕ್ಕೀತು, ಯಾವ ದಾರಿ ಮುಚ್ಚೀತು ಎಂಬುದನ್ನೂ ತಜ್ಞ ಹೇಳಿದರೆ ವರದಿಗಾರ ವಿಶೇಷಣ ಹುಡುಕಿಕೊಂಡು ಹೋಗಬೇಕಾಗುವುದಿಲ್ಲ.